ಎರಡು ಅಂಗುಲದ ಸೋರಿಕೆ

ಕಲ್ಲುಮಂಟಿಯ ಮರಿಸಿದ್ದಯ್ಯನಿಗೆ ಮೀಸೆ ಒಂದು ಕಣ್ಣು, ಮಗ ಇನ್ನೊಂದು ಕಣ್ಣು. ಮೀಸೆಯನ್ನು ಅವನು ಇಪ್ಪತ್ತನೆಯ ವಯಸ್ಸಿನಿಂದ ಹರಳೆಣ್ಣೆ ಹಾಕಿ ಸಾಕಿದ್ದ. ಮಗ ಮಹದೇವಯ್ಯನನ್ನು ಸಾಕಿದವಳು ಹೆಂಡತಿ ಹೊಂಬಾಳಮ್ಮ. ಆದರೆ ಹುಡುಗ ಮಳವಳ್ಳಿಯ ಮಿಡ್ಲ್ ಸ್ಕೂಲು ದಾಟಿ, ಮೈಸೂರು ದಾಟಿ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸೇರಿದ ಮೇಲೆ ಆ ಕೀರ್ತಿಯನ್ನೂ ಮರಿಸಿದ್ದಯ್ಯನೇ ತೆಗೆದುಕೊಂಡಿದ್ದ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಎರಡು ಮಗ್ಗುಲಲ್ಲೂ ಅಂಥ ಮಗ ಇನ್ನೊಬ್ಬನಿಲ್ಲ ಎಂಬುದು ಅವನ ಲೆಕ್ಕ. ಬೇರೆಯವರ ಲೆಕ್ಕವನ್ನು ಅವನು ಕೇಳುತ್ತಿರಲಿಲ್ಲ.

ಮೂವತ್ತಾರನೆಯ ಇಸವಿಯ ಸಂಕ್ರಾಂತಿ ಕಳೆದ ವಾರ ಮಗ ಮದ್ದೂರು ಸ್ಟೇಷನ್ನಿನಲ್ಲಿ ಇಳಿದಾಗ ಅವನ ಬಗಲಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಎರಡು ಹಲಗೆಗಳಿದ್ದವು.

"ಇದೇನ್ಲಾ, ಬೆಂಗಳೂರಲ್ಲಿ ಬಡಗಿ ಕೆಲ್ಸ ಯೋಳ್ಕೊಡ್ತಾರಾ?" ಎಂದ ಮರಿಸಿದ್ದಯ್ಯ.

"ಅಳತೆ ಹಲಗೆ ಕಣಪ್ಪ. ನಮ್ಮೂರ ಕಾಲುವೆ ನೀರ ಅಳೀಬೇಕು," ಎಂದ ಮಗ.

ಬಸ್ಸಿನಲ್ಲಿ ಕುಳಿತ ಮೇಲೆ ಮಹದೇವಯ್ಯ ವಿಷಯ ಬಿಡಿಸಿ ಹೇಳಿದ. ಕಡೆಯ ವರ್ಷದ ಹುಡುಗರು ಒಬ್ಬೊಬ್ಬರೂ ತಮ್ಮದೇ ಒಂದು ವಿಷಯ ಹಿಡಿದು, ತಾವೇ ಪರೀಕ್ಷಿಸಿ ನೋಡಿ, ಕಂಡದ್ದನ್ನು ಪುಸ್ತಕ ಮಾಡಿ ಕಾಲೇಜಿಗೆ ಒಪ್ಪಿಸಬೇಕು. ಪುಸ್ತಕ ಒಪ್ಪಿಗೆಯಾದರೆ ಡಿಗ್ರಿ, ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು. ಮೊದಲ ಹಾಳೆಯಲ್ಲಿ 'ಬೇರೆ ಯಾರ ಸಹಾಯವೂ ಇಲ್ಲದೆ ಇದನ್ನು ನಾನೇ ಮಾಡಿದ್ದೇನೆ' ಎಂದು ರುಜು ಹಾಕಬೇಕು. ಜೊತೆಯ ಹುಡುಗರಲ್ಲಿ ಇಬ್ಬರು ಜಲಪಾತದ ವಿದ್ಯುತ್ ಕೇಂದ್ರವಿದ್ದ ಬ್ಲಫ್‌ಗೆ ಹೋಗಿ ಕರೆಂಟಿನ ಯಂತ್ರಗಳ ಮುಂದೆ ಕುಳಿತಿದ್ದರು. ಮಹದೇವಯ್ಯ ಆರಿಸಿಕೊಂಡದ್ದು ತನ್ನೂರಿನ ಮಣ್ಣುಕಾಲುವೆಯನ್ನು. ತೂಬಿನಲ್ಲಿ ಇಳಿದ ನೀರು ಕಡೆಯ ಗದ್ದೆ ತಲುಪುವಷ್ಟರಲ್ಲಿ ಎಷ್ಟು ಸೋರಿಹೋಗುತ್ತದೆ ಎಂಬುದು ಅವನ ಪ್ರಶ್ನೆ.

ಬ್ಲಫ್ ಎಂದಿದ್ದರೆ ಹೇಳಿಕೊಳ್ಳುವುದಕ್ಕೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಮರಿಸಿದ್ದಯ್ಯನಿಗೆ ಒಂದು ಗಳಿಗೆ ಅನಿಸದೆ ಇರಲಿಲ್ಲ. ಆದರೆ 'ನಮ್ಮೂರ ಕಾಲುವೆ' ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮೀಸೆ ತಾನಾಗಿ ಮೇಲೆದ್ದಿತು. ಏಕೆಂದರೆ ಆ ಕಾಲುವೆ ಅವನದು. ದೊಡ್ಡ ನಾಲೆಯ ನೀರು ಈ ಸೀಮೆಗೆ ಬಂದ ವರ್ಷ, ಅಂದರೆ ನಾಲ್ಕು ವರ್ಷದ ಹಿಂದೆ, ಮನೆಗೊಂದಾಳು ಕರೆದು, ಮೊದಲ ಗುದ್ದಲಿ ತಾನು ಹಾಕಿ, ತೂಬಿನಿಂದ ಬಯಲಿನ ಕೊನೆಯವರೆಗೆ ಒಂದೂವರೆ ಮೈಲಿ ತೋಡಿಸಿದವನು ಅವನೇ. ಸರ್ಕಾರ ನಾಲೆ ತಂದಿತು, ಊರಿಗೆ ನೀರು ತಂದವನು ನಾನು ಎಂದು ಹೇಳದೆ ಅವನು ಯಾವ ಮದುವೆಯ ಪಂಕ್ತಿಯಿಂದಲೂ ಎದ್ದದ್ದಿಲ್ಲ. ಈಗ ಆ ಕಾಲುವೆ ಇಂಗ್ಲಿಷಿನಲ್ಲಿ ಪುಸ್ತಕವಾಗುತ್ತದೆ! ವಾರ ಕಳೆಯುವಷ್ಟರಲ್ಲಿ ಮದ್ದೂರು ಸ್ಟೇಷನ್ನಿನ ವಡೆ ಮಾರುವವನಿಂದ ಹಿಡಿದು ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡವರ ತನಕ ಎಲ್ಲರಿಗೂ ಡಂಗುರವಾಯಿತು.

"ಯಾರ ಸಾಯವೂ ಇಲ್ದೆ ಕಣ್ರಪ್ಪಾ! ನನ್ನ ಮಗ ಒಬ್ನೆ!" ಎಂದು ಅವನು ಕಾರ್ಖಾನೆಯ ಮುಂದೆ ಕೂಗಿ ಹೇಳಿದ್ದು ನಾಲ್ಕು ಗಾಡಿ ಆಚೆಗೂ ಕೇಳಿಸಿತ್ತಂತೆ.

ಊರಕಾಲುವೆಗೆ ಗುರುವಾರದಿಂದ ಭಾನುವಾರದವರೆಗೆ ನೀರು. ಉಳಿದ ಮೂರು ದಿನ ತೂಬು ಮುಚ್ಚಿರುತ್ತಿತ್ತು. ಮಗ ಶನಿವಾರ ಬೆಳಗಿನ ರೈಲಿಗೆ ಬಂದು ಎರಡು ದಿನ ಅಳೆದು, ಸೋಮವಾರ ಹಿಂದಿರುಗುತ್ತಿದ್ದ. ಹಲಗೆಯ ನಡುವೆ ಮೂರು ಮೂಲೆಯ ಒಂದು ಕಚ್ಚು. ಹಲಗೆಯನ್ನು ಕಾಲುವೆಗೆ ಅಡ್ಡವಾಗಿ ನೆಟ್ಟರೆ ನೀರೆಲ್ಲ ಆ ಕಚ್ಚಿನಲ್ಲೇ ಹರಿಯಬೇಕು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ನೋಡಿದರೆ ಎಷ್ಟು ನೀರು ಹೋಗುತ್ತಿದೆ ಎಂಬ ಲೆಕ್ಕ ಸಿಗುತ್ತದೆ. ಒಂದು ಹಲಗೆಯನ್ನು ತೂಬಿನ ಬಾಯಲ್ಲಿ ನೆಟ್ಟ, ಇನ್ನೊಂದನ್ನು ಬಯಲಿನ ಕೊನೆಯಲ್ಲಿ, ಚಿಕ್ಕಬೋರಯ್ಯನ ಗದ್ದೆಯ ಬದುವಿನಲ್ಲಿ. ಅಳೆಯುವ ಹೊತ್ತು ನಡುವಿನ ಗದ್ದೆಗಳ ಬಾಯಿ ಮುಚ್ಚಿರಬೇಕೆಂದು ಮಗ ಕೇಳಿಕೊಂಡ. ಮರಿಸಿದ್ದಯ್ಯ ಅಪ್ಪಣೆ ಮಾಡಿದ. ಊರಿನವರು ಬೀಡಿ ಹಚ್ಚಿಕೊಂಡು ದಂಡೆಯ ಮೇಲೆ ಕುಳಿತು, ಹರಿಯುವ ನೀರನ್ನು ಮೊದಲ ಸಲ ಕಂಡವರಂತೆ ಕಂಡರು.

ಮೂರು ವಾರದ ಅಳತೆ ಮುಗಿದ ಭಾನುವಾರ ಊಟಕ್ಕೆ ಕುಳಿತಾಗ ಮಗ ತಾನಾಗಿ ಮಾತು ತೆಗೆದ.

"ಅಪ್ಪಾ, ತೂಬಿನ ಹತ್ರ ಒಂಬತ್ತೂವರೆ ಅಂಗುಲ. ಕೊನೇಲಿ ಏಳೂವರೆ."

"ಬರೀ ಎರಡಂಗ್ಲ ತಾನೆ! ಒಂದೂವರೆ ಮೈಲಿಗೆ ಎರಡಂಗ್ಲ ಯಾವ ಲೆಕ್ಕ ಬುಡ್ಲಾ," ಎಂದು ಮರಿಸಿದ್ದಯ್ಯ ಮುದ್ದೆ ಮುರಿದ.

"ಅಂಗುಲ ಎರಡೇ ಕಣಪ್ಪ. ಆದ್ರೆ ಕಚ್ಚು ಮೇಲೆ ಮೇಲೆ ಅಗಲ ಆಯ್ತಾ ಹೋಯ್ತದಲ್ಲ, ನೀರಿನ ಲೆಕ್ಕ ಹಾಕಿದ್ರೆ ನೂರಕ್ಕೆ ನಲವತ್ತೈದು ಪಾಲು ದಾರೀಲೇ ಇಂಗೋಯ್ತಾ ಅದೆ. ಹತ್ತತ್ರ ಅರ್ಧ. ಬೋರ ಮಾವ ನಾಲ್ಕು ವರ್ಷದಿಂದ ಹೇಳ್ತಿದ್ದದ್ದು ನಿಜ."

ಮರಿಸಿದ್ದಯ್ಯ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದ. ಚಿಕ್ಕಬೋರಯ್ಯ ಪಂಚಾಯ್ತಿ ಸೇರಿದಾಗಲೆಲ್ಲ ಎದ್ದುನಿಂತು, ನಮ್ಮ ತನಕ ನೀರು ಬರುವುದಿಲ್ಲ ಎನ್ನುತ್ತಿದ್ದ. ಮರಿಸಿದ್ದಯ್ಯ ಪ್ರತಿ ಸಲವೂ, ಸೂರ್ಯ ಹುಟ್ಟುವ ಮೊದಲು ಎದ್ದು ಗದ್ದೆಯ ಬಾಯಿ ತೆಗೆದರೆ ಬರುತ್ತದೆ, ಮಲಗಿದವನ ಗದ್ದೆಗೆ ನೀರು ನಡೆದು ಬರುವುದಿಲ್ಲ ಎಂದು ಎಲ್ಲರೆದುರು ನಗಿಸಿ ಕೂರಿಸುತ್ತಿದ್ದ. ಚಿಕ್ಕಬೋರಯ್ಯನಿಗೆ ಊರಿನಲ್ಲಿ 'ನಿದ್ದೆಬೋರ' ಎಂಬ ಹೆಸರೇ ನಿಂತುಬಿಟ್ಟಿತ್ತು.

"ಇದನ್ನೂ ಬರೀತೀಯಾ ಪುಸ್ತಕದಲ್ಲಿ?"

"ಇದೇ ಪುಸ್ತಕ ಕಣಪ್ಪ. ಕಾಲೇಜಿನ ಲೈಬ್ರರೀಲಿ ಇಡ್ತಾರೆ. ಮೇಷ್ಟ್ರು ಬೇರೆ ಬಂದು ಕಾಲುವೆ ನೋಡ್ತೀನಿ ಅಂದವ್ರೆ."

ಆ ದಿನ ಮರಿಸಿದ್ದಯ್ಯ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನು ಮೀಸೆ ಮುಟ್ಟಿಕೊಂಡು ಜಗಲಿಯ ಮೇಲೆ ಕುಳಿತ. ತಾನು ತೋಡಿಸಿದ ಕಾಲುವೆ ಒಡಕು ಮಡಕೆ ಎಂದು ತನ್ನ ಮಗನೇ ಇಂಗ್ಲಿಷಿನಲ್ಲಿ ಬರೆದು ಬೆಂಗಳೂರಿನ ಬೀರುವಿನಲ್ಲಿಡುತ್ತಾನೆ! ನೂರು ವರ್ಷವಾದರೂ ಯಾರು ಬೇಕಾದರೂ ತೆಗೆದು ಓದಬಹುದು!

ಮಗ ಸೋಮವಾರ ರೈಲು ಹತ್ತಿದ. ಮಂಗಳವಾರ ಬೆಳಗ್ಗೆ ಮರಿಸಿದ್ದಯ್ಯ ಮನೆಗೊಂದಾಳು ಕರೆದ.

ಅವನು ಹೇಳಿದ್ದು ಇಷ್ಟೆ. ಹೆಣ್ಣು ನೋಡಲು ನೆಂಟರು ಬರುತ್ತಾರೆ ಎಂದರೆ ಗೋಡೆಗೆ ಸುಣ್ಣ ಬಳಿಯದೆ, ಅಂಗಳ ಸಾರಿಸದೆ ಯಾರಾದರೂ ಇರುತ್ತಾರೆಯೇ? ಬೆಂಗಳೂರಿನಿಂದ ದೊಡ್ಡ ಮೇಷ್ಟರು ಕಾಲುವೆ ನೋಡಲು ಬರುತ್ತಿದ್ದಾರೆ. ಹರಕು ಸೀರೆಯಲ್ಲಿ ತೋರಿಸಿದರೆ ಮಾನ ಹೋಗುವುದು ಊರಿನದು. ಈ ಮಾತಿಗೆ ಎದುರಾಡುವವರು ಕಲ್ಲುಮಂಟಿಯಲ್ಲಿ ಇರಲಿಲ್ಲ. ಹೊಂಗೆತೋಪಿನ ಹತ್ತಿರ ಕಾಲುವೆ ಮರಳು ನೆಲದಲ್ಲಿ ಒಂದು ಫರ್ಲಾಂಗು ಹೋಗುತ್ತದೆ. ಸೋರುವುದು ಅಲ್ಲೇ ಎಂದು ಅವನ ಹಿಮ್ಮಡಿಗೆ ಮೊದಲಿನಿಂದ ಗೊತ್ತಿತ್ತು, ಬಾಯಿಗೆ ಮಾತ್ರ ಬಂದಿರಲಿಲ್ಲ. ಕೆರೆಯಂಗಳದ ಗೋಡುಮಣ್ಣು ನಲವತ್ತೆರಡು ಗಾಡಿ ಬಂತು. ಬಿರುಕು ಬಿಡದಿರಲಿ ಎಂದು ಭತ್ತದ ಹೊಟ್ಟು ಬೆರೆಸಿದರು. ನೀರು ಚಿಮುಕಿಸಿ, ಹದಿನಾರು ಎಮ್ಮೆಗಳನ್ನು ಕಾಲುವೆಯೊಳಗೇ ಇಳಿಸಿ, ಮೇಲಕ್ಕೂ ಕೆಳಕ್ಕೂ ತುಳಿಸಿದರು. ಏಡಿ ಬಿಲಗಳನ್ನು ಹುಡುಕಿ ಹುಡುಕಿ ಕೆಸರು ತುಂಬಿದರು. ಬುಧವಾರ ಸಂಜೆ ಎಲ್ಲದರ ಮೇಲೆ ಎರಡು ಬೆರಳು ಮರಳು ಹರಡಿಸಿದ ಮರಿಸಿದ್ದಯ್ಯ. ಮಗನ ಕಣ್ಣು ಹದ್ದಿನ ಕಣ್ಣು ಎಂಬ ಹೆಮ್ಮೆಯೂ ಅವನದೇ, ಆ ಕಣ್ಣಿಗೆ ಮಣ್ಣೆರಚುವ ಉಪಾಯವೂ ಅವನದೇ.

ಎಮ್ಮೆ ಅಟ್ಟುತ್ತಿದ್ದ ಚಿಕ್ಕಬೋರಯ್ಯ ಕೋಲು ಊರಿ ನಿಂತು ಹೇಳಿದ: "ಅಲ್ಲ ಸಿದ್ದಣ್ಣ, ನಾಕು ವರ್ಸದಿಂದ ನಾನು ಬಡ್ಕಂಡೆ, ಒಂದು ಮಂಕ್ರಿ ಮಣ್ಣು ಆಕ್ಸಲಿಲ್ಲ ನೀನು. ಈಗ ಮಗನ ಪುಸ್ತಕ ಅಂದ್ರೆ ನಲವತ್ತು ಗಾಡಿ ಆಕ್ಸತಿದೀಯ."

"ಆಕ್ಸತಿದೀನಲ್ಲ, ಬಾಯ್ ಮುಚ್ಕಂಡು ಎಮ್ಮೆ ಒಡಿ," ಎಂದ ಮರಿಸಿದ್ದಯ್ಯ. ಆಮೇಲೆ ಎಲ್ಲರ ಕೈಯಲ್ಲೂ ಮುತ್ತತ್ತಿರಾಯನ ಆಣೆ ಹಾಕಿಸಿದ: ಮಗ ಮಾದೇವನ ಮುಂದೆ ಯಾರೂ ತುಟಿ ಬಿಚ್ಚಕೂಡದು. ಮೊದಲು ಆಣೆ ಹಾಕಿದವನು ತಾನೇ.

ಹೊಂಬಾಳಮ್ಮ ಮಾತ್ರ ಆಣೆಗೆ ಸಿಕ್ಕಲಿಲ್ಲ, ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಮೈಯೆಲ್ಲ ಕೆಸರಾಗಿ ಬಂದ ಗಂಡನಿಗೆ ನೀರು ತೋಡಿ ಕೊಡುತ್ತಾ, "ಪರೀಕ್ಸೆ ಬರೆಯೋನ ಕೈ ಇಡ್ಕಂಡು ಬರುಸ್ಬುಟ್ರೆ ಅದು ಅವನ ಬರವಣ್ಗೆ ಆಯ್ತದಾ?" ಎಂದಳು.

"ನಾನೆಲ್ಲಿ ಅವನ ಕೈ ಇಡುದ್ನೆ? ಕಾಲುವೆ ಕೈ ಇಡ್ದಿವ್ನಿ," ಎಂದ ಗಂಡ. ಆ ಉತ್ತರ ಅವನಿಗೇ ಬಹಳ ಹಿಡಿಸಿತು.

ಶನಿವಾರ ಮಗ ಬಂದ, ಅಳೆದ. ತೂಬಿನಲ್ಲಿ ಅದೇ ಒಂಬತ್ತೂವರೆ. ಕೊನೆಯಲ್ಲಿ ಎಂಟೂಮುಕ್ಕಾಲು. ಮಹದೇವಯ್ಯ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಒಂದೂವರೆ ಮೈಲಿ ಓಡಿ ತೂಬಿನ ಹಲಗೆ ನೋಡಿ ಬಂದ, ನಡುವಿನ ಗದ್ದೆಗಳ ಬಾಯನ್ನು ಒಂದೊಂದಾಗಿ ನೋಡಿದ, ಮತ್ತೆ ಓಡಿದ. ಚಿಕ್ಕಬೋರಯ್ಯನ ಗದ್ದೆಗೆ ನಾಲ್ಕು ವರ್ಷದಲ್ಲಿ ಮೊದಲ ಸಲ ನೀರು ದಬದಬನೆ ಬೀಳುತ್ತಿತ್ತು. ಅವನು ಬದುವಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ಅದನ್ನೇ ನೋಡುತ್ತಿದ್ದ. ಹುಡುಗ ಏನು ಕೇಳಿದರೂ ತುಟಿ ಪಿಟಕ್ಕೆನ್ನಲಿಲ್ಲ.

ಮರಿಸಿದ್ದಯ್ಯ ದಂಡೆಯ ಮೇಲೆ ನಿಂತು ಮೀಸೆ ತೀಡುತ್ತಾ, "ನೋಡ್ದಾ, ನಮ್ ಕಾಲುವೆ ಅಂದ್ರೆ ಸುಮ್ಕಲ್ಲ. ಮೊದ್ಲು ನೀನು ಸರ್ಯಾಗಿ ಅಳ್ದಿರಲಿಲ್ಲ," ಎಂದ.

ಇದು ಅವನು ಆಡಬಾರದಾಗಿದ್ದ ಮಾತು. ಮಗ ತಲೆಯೆತ್ತಿ ತಂದೆಯ ಮುಖ ನೋಡಿದ. ಆಮೇಲೆ ತನ್ನ ಹಲಗೆ ನೋಡಿದ. "ಅದೇ ಇರ್ಬೇಕು," ಎಂದ ಮೆಲ್ಲಗೆ. ಮರುದಿನ ಅಳೆದರೂ ಅದೇ ಎಂಟೂಮುಕ್ಕಾಲು. ಮುಂದಿನ ವಾರವೂ ಅದೇ. ಮಹದೇವಯ್ಯ ಹಲಗೆ ಕಿತ್ತು ಮನೆಗೆ ತಂದು ಕಚ್ಚಿನ ಅಂಚನ್ನು ಅಳೆದ, ಮೂಲೆ ಅಳೆದ, ಮೂರು ವಾರದ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದ. ಯಾವುದರಲ್ಲೂ ತಪ್ಪು ಸಿಗಲಿಲ್ಲ. ತಪ್ಪು ಸಿಗದ ಮೇಲೆ ತಪ್ಪು ತನ್ನಲ್ಲೇ ಇರಬೇಕು ಎಂದು ನಿರ್ಧರಿಸಿದ. ಮೊದಲಿನಿಂದಲೂ ಅಂಥ ಹುಡುಗ. ಲೆಕ್ಕ ಸರಿಬರದಿದ್ದರೆ ಸ್ಲೇಟನ್ನು ಬೈಯುತ್ತಿರಲಿಲ್ಲ.

ಉಣ್ಣಲು ಕರೆದರೆ ಬರಲಿಲ್ಲ. ಹೊಂಬಾಳಮ್ಮ ತಟ್ಟೆಯನ್ನು ಕೋಣೆಗೇ ಒಯ್ದಳು. ಮರಿಸಿದ್ದಯ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

"ಮುಂದಿನ ಭಾನುವಾರ ಮೇಷ್ಟ್ರು ಬತ್ತಾರೆ ಕಣವ್ವಾ. ನನ್ನ ಅಳತೆ ನಂಬಕ್ಕಾಗಲ್ಲ ಅಂತ ಹೇಳ್ಬುಡ್ತೀನಿ. ಪುಸ್ತಕ ಕೊಡಕ್ಕೆ ಇನ್ನು ನಾಲ್ಕು ವಾರ ಅಷ್ಟೆ. ಈ ವರ್ಷ ಆಗಕಿಲ್ಲ."

"ಎರಡನೇದು ಒಳ್ಳೇದು ಬಂದದಲ್ಲಪ್ಪ, ಅದ್ನೇ ಬರ್ಕೊಡು," ಎಂದಳು ತಾಯಿ, ಗಂಡನಿಗೆ ಕೇಳಿಸಲಿ ಎಂದೇ.

"ಒಳ್ಳೇದು ಅಂತ ಬರೆಯಕ್ಕಾಯ್ತದಾ? ಯಾಕೆ ಬಂತು ಅಂತ ಗೊತ್ತಿಲ್ದೆ ರುಜು ಹಾಕಿದ್ರೆ ಅದು ಸುಳ್ಳಾಯ್ತದೆ."

ಮರಿಸಿದ್ದಯ್ಯ ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಾಲು ಹೊಸಿಲ ತನಕ ಹೋಯಿತು, ಮುಂದಕ್ಕೆ ಹೋಗಲಿಲ್ಲ. ಆಣೆಯಿದೆ ಎಂದು ತನಗೆ ತಾನೇ ಹೇಳಿಕೊಂಡ. ಆಣೆಗಿಂತ ಗಟ್ಟಿಯಾದದ್ದು ಇನ್ನೊಂದು ಇತ್ತು: ಮಗನಿಗೆ ಹೇಳಿದರೆ ಕಾಲುವೆ ಸೋರುತ್ತಿತ್ತು ಎಂದು ಒಪ್ಪಿದಂತೆ, ಚಿಕ್ಕಬೋರಯ್ಯನನ್ನು ನಾಲ್ಕು ವರ್ಷ ಸುಮ್ಮಸುಮ್ಮನೆ ನಗೆಪಾಟಲು ಮಾಡಿದೆ ಎಂದು ಒಪ್ಪಿದಂತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು. ಆದರೆ ಈಗ ಬಿದ್ದಿರುವುದು ಮಗ. ಇದನ್ನು ಯೋಚಿಸಿ ಯೋಚಿಸಿ ಆ ವಾರವೆಲ್ಲ ಅವನಿಗೆ ಅನ್ನ ರುಚಿಸಲಿಲ್ಲ.

ಭಾನುವಾರ ಮೇಷ್ಟರು ಬಂದರು. ಕಸ್ತೂರಿರಂಗಯ್ಯನವರು ಎಂದು ಹೆಸರು. ಅಚ್ಚುಕಟ್ಟಾದ ಪೇಟ, ಕರಿಯ ಕೋಟು, ಕಚ್ಚೆಪಂಚೆ. ಬಸ್ಸಿಳಿದವರೇ ಎಳನೀರು ಬೇಡ, ಮೊದಲು ಕಾಲುವೆ ಎಂದರು. ಊರಿಗೆ ಊರೇ ಹಿಂದೆ ಹೊರಟಿತು. ಹೊಂಬಾಳಮ್ಮನೂ ಸೆರಗು ಹೊದ್ದು ಹೊರಟಳು. ಮೇಷ್ಟರು ತೂಬಿನಿಂದ ಬಯಲಿನ ಕೊನೆಯವರೆಗೆ ನಡೆದರು, ಎರಡು ಹಲಗೆಗಳನ್ನೂ ನೋಡಿದರು, ಆಮೇಲೆ ಚಿಕ್ಕಬೋರಯ್ಯನ ಬದುವಿನ ಮೇಲೆ ನಿಂತು ಮಹದೇವಯ್ಯನ ನೋಟ್‌ಬುಕ್ಕನ್ನು ಒಂದೊಂದೇ ಹಾಳೆಯಾಗಿ ತಿರುವಿದರು.

"ಮೂರು ವಾರ ನಲವತ್ತೈದು. ಆಮೇಲೆ ಇದ್ದಕ್ಕಿದ್ದ ಹಾಗೆ ಹತ್ತೊಂಬತ್ತು. ಏನಪ್ಪ ಇದು ಮಹದೇವಯ್ಯ?"

"ಸರ್, ನನ್ನ ಅಳತೆ ಎಲ್ಲೋ ತಪ್ಪಿದೆ. ಎಷ್ಟು ಹುಡುಕಿದರೂ ಕಾರಣ ತಿಳಿಯಲಿಲ್ಲ. ಇದನ್ನು ನಾನು ಒಪ್ಪಿಸುವುದಿಲ್ಲ."

ಮೇಷ್ಟರು ನೋಟ್‌ಬುಕ್ ಮುಚ್ಚಿದರು. "ಕಷ್ಟಪಟ್ಟಿದ್ದೀಯೆ, ಅದು ಕಾಣುತ್ತೆ. ಆದರೆ ಎಲ್ಲಿ ತಪ್ಪಿದೆ ಅಂತ ಹೇಳಲಾರದ ಅಳತೆಯನ್ನು ನಾನೂ ಒಪ್ಪಿಕೊಳ್ಳಲಾರೆ. ಬರುವ ವರ್ಷ ಹೊಸದಾಗಿ ಶುರುಮಾಡು."

ಮಹದೇವಯ್ಯ ತಲೆಯಾಡಿಸಿದ. ಅಳಲಿಲ್ಲ, ಬೇಡಿಕೊಳ್ಳಲಿಲ್ಲ, ಹಲಗೆಯನ್ನು ದೂರಲಿಲ್ಲ. ನೆಟ್ಟಗೆ ನಿಂತು ಕೈ ಚಾಚಿ ನೋಟ್‌ಬುಕ್ಕನ್ನು ಇಸಿದುಕೊಂಡ. ಅಷ್ಟು ನೆಟ್ಟಗೆ ನಿಂತ ಮಗನನ್ನು ಕಂಡು ಮರಿಸಿದ್ದಯ್ಯನಿಗೆ ಎಂದೂ ಇಲ್ಲದ ಹೆಮ್ಮೆಯಾಯಿತು. ಆ ಹೆಮ್ಮೆಯ ಮುಂದೆ ಇಪ್ಪತ್ತು ವರ್ಷದಿಂದ ಊರ ತುಂಬ ಹೇಳಿಕೊಂಡು ತಿರುಗಿದ ಹೆಮ್ಮೆಯೆಲ್ಲ ಹೊಟ್ಟು ಎನಿಸಿತು. ತಾನು ಹಾಗೆ ನಿಂತದ್ದಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

"ಸ್ವಾಮಿ, ಒಸಿ ನಿಂತ್ಕಳಿ," ಎಂದ.

ಎಲ್ಲರೂ ತಿರುಗಿದರು. ಮರಿಸಿದ್ದಯ್ಯ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಮಗ ಅಳ್ದಿರೋದ್ರಲ್ಲಿ ತಪ್ಪಿಲ್ಲ. ತಪ್ಪು ನಂದು. ಅವನು ಬೆಂಗಳೂರಿಗೆ ಓಗಿದ್ದಾಗ ಕಾಲುವೆಗೆ ಮಣ್ಣು ಆಕ್ಸಿ ತುಳ್ಸದೆ. ಊರ ಮಾನ ಓಯ್ತದೆ ಅಂದ್ಕಂಡೆ. ಮೊದ್ಲು ಮೂರು ವಾರ ಅವನು ಬರ್ದವ್ನಲ್ಲ, ಅದು ನಿಜ. ಅರ್ಧ ನೀರು ಸೋರ್ತಿತ್ತು. ನಾಕು ವರ್ಸದಿಂದ ಸೋರ್ತಿತ್ತು."

ಮರಿಸಿದ್ದಯ್ಯ ಚಿಕ್ಕಬೋರಯ್ಯನ ಕಡೆ ತಿರುಗಿದ. ಮೇಷ್ಟರಿಗೆ ಹೇಳುವುದಕ್ಕಿಂತ ಇದು ಕಷ್ಟವಾಗಿತ್ತು.

"ಬೋರ, ನೀನು ಮಲ್ಗಿರಲಿಲ್ಲ ಕಣ್ಲಾ. ನೀರು ಬತ್ತಿರಲಿಲ್ಲ."

ಚಿಕ್ಕಬೋರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಹಿಂದಿನಿಂದ ಯಾರೋ, ಮುತ್ತತ್ತಿರಾಯನ ಆಣೆ ಮುರಿದಂತಾಯಿತಲ್ಲ ಎಂದರು. ಮರಿಸಿದ್ದಯ್ಯ, "ಮುರ್ದೋನು ನಾನು, ತಪ್ಪುಗಾಣ್ಕೆಗೆ ನಾನು ಮುಡಿ ಕೊಡ್ತೀನಿ. ಮೀಸೆ ಸಮೇತ," ಎಂದ. ಆಗ ಮಾತ್ರ ಗುಂಪಿನಲ್ಲಿ ಒಂದು ಉಸಿರು ಎಳೆದ ಶಬ್ದ ಕೇಳಿಸಿತು.

ಮಹದೇವಯ್ಯನ ಮುಖ ಕೆಂಪಾಗಿತ್ತು. ತಂದೆಯ ಮೇಲೆ ಅವನು ಎಂದೂ ದನಿಯೆತ್ತಿದವನಲ್ಲ. ಆ ದಿನ ಎತ್ತಿದ. "ಹದಿನೈದು ದಿನ ಅಪ್ಪಾ! ಹದಿನೈದು ದಿನ ನನಗೆ ತಲೆ ಕೆಟ್ಟದೆ ಅಂತ ತಿಳ್ಕಂಡಿದ್ದೆ! ನೀನು ನೋಡ್ತಾ ನಿಂತಿದ್ದೆ!"

ಮರಿಸಿದ್ದಯ್ಯ ತಲೆ ತಗ್ಗಿಸಿ, "ಊ ಕಣಪ್ಪ, ನಿಂತಿದ್ದೆ," ಎಂದಷ್ಟೇ ಹೇಳಿದ.

ನಡುವೆ ಬಂದವರು ಮೇಷ್ಟರು. ಅವರಿಗೆ ತಂದೆ ಮಗನ ಜಗಳ ಬೇಕಿರಲಿಲ್ಲ, ಬೇರೆ ಏನೋ ಬೇಕಾಗಿತ್ತು. ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದಿದ್ದರು. "ಯಜಮಾನರೇ, ಯಾವ ಮಣ್ಣು ಹಾಕಿಸಿದಿರಿ?"

"ಕೆರೆ ಗೋಡು ಸ್ವಾಮಿ."

"ಎಷ್ಟು ದಪ್ಪ?"

"ನಾಕು ಬೆರಳು. ಮೇಲೆ ಎರಡು ಬೆರಳು ಮರಳು. ಒಂದು ಫರ್ಲಾಂಗಿಗೆ ನಲವತ್ತೆರಡು ಗಾಡಿ ಇಡೀತು."

"ತುಳಿಸಿದ್ದು?"

"ಅದಿನಾರು ಎಮ್ಮೆ. ಮಂಗಳವಾರ ಮೂರು ಸುತ್ತು, ಬುಧವಾರ ಐದು ಸುತ್ತು. ಅಸು ತುಳುದ್ರೆ ಗೊರಸು ಕೂತ್ಕಳಲ್ಲ ಸ್ವಾಮಿ, ಎಮ್ಮೇನೇ ಆಗ್ಬೇಕು. ಗಾಡಿಗೆ ಎರಡು ಮಂಕ್ರಿ ಭತ್ತದ ಒಟ್ಟು, ಬಿರೀಬಾರದು ಅಂತ."

ಒಂದೂ ತಡವರಿಸದೆ ಹೇಳಿದ. ತನ್ನ ಕಾಲುವೆಯ ವಿಷಯದಲ್ಲಿ ಅವನಿಗೆ ತಿಳಿಯದ್ದು ಇರಲಿಲ್ಲ; ಒಪ್ಪದ್ದು ಮಾತ್ರ ಇತ್ತು. ಹೇಳುತ್ತಾ ಹೇಳುತ್ತಾ ಕಾಲುವೆಗೆ ಇಳಿದೇಬಿಟ್ಟ. ಎಲ್ಲರನ್ನೂ ಹೊಂಗೆತೋಪಿನವರೆಗೆ ನೀರಿನಲ್ಲೇ ನಡೆಯುತ್ತಾ ಕರೆದೊಯ್ದು, ಬಗ್ಗಿ, ತೋಳು ಮುಳುಗಿಸಿ, ತಳದಿಂದ ಒಂದು ಹಿಡಿ ಮಣ್ಣು ಕಿತ್ತು ಮೇಲೆತ್ತಿದ. ಕರಿಯ ಗೋಡು, ಬೆಣ್ಣೆಯಷ್ಟು ನುಣ್ಣಗೆ. ಮುಖದ ಮೇಲೆಲ್ಲ ಕೆಸರು ಸಿಡಿದಿತ್ತು, ಮೀಸೆಯ ಮೇಲೂ. ಒರೆಸಿಕೊಳ್ಳಲಿಲ್ಲ.

ಮೇಷ್ಟರು ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ ಶಿಷ್ಯನ ಕಡೆ ತಿರುಗಿದರು. "ನೀನು ಕೇಳಿದ ಪ್ರಶ್ನೆ, ಎಷ್ಟು ಸೋರುತ್ತೆ ಅನ್ನೋದು. ಮೂರು ವಾರಕ್ಕೆ ಉತ್ತರ ಸಿಕ್ಕಿತು. ಆಮೇಲೆ ನಿನಗೆ ಗೊತ್ತಿಲ್ಲದ ಹಾಗೆ ಇನ್ನೊಂದು ಪ್ರಶ್ನೆಗೆ ಉತ್ತರ ಅಳೆದಿದ್ದೀಯೆ. ತಡೆದರೆ ಎಷ್ಟು ನಿಲ್ಲುತ್ತೆ ಅಂತ. ಇನ್ನು ಎರಡು ವಾರ ಅಳೆದು ನೋಡು, ಮಣ್ಣು ನಿಲ್ಲುತ್ತೋ ಕೊಚ್ಚಿಹೋಗುತ್ತೋ. ಹೋದರೆ ಹೋಯಿತು ಅಂತಲೇ ಬರಿ. ನಡೆದದ್ದನ್ನು ನಡೆದ ಹಾಗೆ ಬರೆದು ತಾ, ನಾನು ಓದುತ್ತೇನೆ."

ಮಹದೇವಯ್ಯ ನೋಟ್‌ಬುಕ್ ತೆರೆದ. ಆಮೇಲೆ, ಇನ್ನೂ ಬಿಗಿದ ಮುಖದಲ್ಲೇ, ನೀರಿನಲ್ಲಿ ನಿಂತ ತಂದೆಯನ್ನು ಕೇಳಿದ: "ಬುಧವಾರ ಐದು ಸುತ್ತಾ, ಆರಾ?"

"ಐದು," ಎಂದ ಮರಿಸಿದ್ದಯ್ಯ.

ಮಣ್ಣು ನಿಂತಿತು. ಎರಡು ವಾರವೂ ಎಂಟೂಮುಕ್ಕಾಲು ಕಡಿಮೆಯಾಗಲಿಲ್ಲ. ಪುಸ್ತಕ ಕಾಲೇಜಿಗೆ ಹೋಯಿತು. ಯುಗಾದಿ ಕಳೆದು ಕಾಲೇಜಿನ ಸರ್ವೆ ಕ್ಯಾಂಪು ಮುಗಿಸಿ ಮಹದೇವಯ್ಯ ಊರಿಗೆ ಬಂದಾಗ ಪುಸ್ತಕ ಒಪ್ಪಿಗೆಯಾಗಿತ್ತು. ಕಾರ್ಬನ್ ಇಟ್ಟು ಟೈಪು ಮಾಡಿಸಿದ ಒಂದು ಪ್ರತಿಗೆ ನೀಲಿ ಬಟ್ಟೆಯ ರಟ್ಟು ಹಾಕಿಸಿ ತಂದಿದ್ದ. ಜಗಲಿಯ ಮೇಲೆ ಕುಳಿತಿದ್ದ ತಂದೆಯನ್ನು ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಮುತ್ತತ್ತಿಗೆ ಹೋಗಿ ಬಂದ ಮರಿಸಿದ್ದಯ್ಯನ ತಲೆ ನುಣ್ಣಗಿತ್ತು, ಮೂಗಿನ ಕೆಳಗೆ ಮೂವತ್ತು ವರ್ಷ ಬಿಸಿಲು ಕಾಣದ ಚರ್ಮ ಬೆಳ್ಳಗೆ ಹೊಳೆಯುತ್ತಿತ್ತು. ಹೊಂಬಾಳಮ್ಮ, "ಮದ್ವೆ ದಿನ ಇಂಗೇ ಇದ್ರು ನಿಮ್ಮಪ್ಪ," ಎಂದು ನಕ್ಕಳು.

ಮರಿಸಿದ್ದಯ್ಯ ಕೈ ತೊಳೆದು ಬಂದು ಪುಸ್ತಕ ಇಸಿದುಕೊಂಡ. ರಟ್ಟು ಸವರಿದ, ಮೂಸಿ ನೋಡಿದ, ಮೊದಲ ಹಾಳೆ ತೆರೆದ. ಹಾಳೆಯಲ್ಲಿ ಅಚ್ಚಾದ ಎರಡು ಸಾಲುಗಳ ಪೈಕಿ ಒಂದರ ಅರ್ಧಕ್ಕೆ ಮಸಿಯಿಂದ ಗೀಟು ಎಳೆದಿತ್ತು. ಗೀಟಿನ ಪಕ್ಕದಲ್ಲಿ ಮಗನ ರುಜು, ಅದರ ಕೆಳಗೆ ಇನ್ನೊಂದು ರುಜು.

"ಅಲ್ಲಲಾ, ಇಷ್ಟು ಚಂದಾದ ಪುಸ್ತಕದಲ್ಲಿ ಮೊದಲ್ನೇ ಆಳೇಲೇ ಗೀಚ್ಬುಟ್ಟಿದ್ದೀಯಲ್ಲ!"

"ಬೇರೆ ಯಾರ ಸಹಾಯವೂ ಇಲ್ಲದೆ ಅಂತ ಅಚ್ಚಾಗಿತ್ತು ಕಣಪ್ಪ. ಅದನ್ನ ಹೊಡ್ದಾಕ್ದೆ. ಮೇಷ್ಟ್ರೂ ರುಜು ಹಾಕವ್ರೆ. ಸಹಾಯ ಮಾಡ್ದೋರ ಹೆಸರು ಕೆಳಗದೆ ನೋಡು."

"ನನ್ನ ಎಸರು ಎಲ್ಲೈತೆ?"

ಮಗ ಬೆರಳಿಟ್ಟು ತೋರಿಸಿದ. ಮರಿಸಿದ್ದಯ್ಯ ಆ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದರ ಮೇಲಿನ ಸಾಲಿನ ಮೇಲೆ ತನ್ನ ಬೆರಳಿಟ್ಟು, "ನನಗಿಂತ ಮೇಲೆ ಇದ್ಯಾರು?" ಎಂದ.

"ಬೋರ ಮಾವ. ಕಾಲುವೆ ಸೋರ್ತದೆ ಅಂತ ಮೊದಲು ಹೇಳ್ದೋರು ಅವ್ರಲ್ವಾ ಅಪ್ಪ, ನಾಲ್ಕು ವರ್ಷದ ಹಿಂದೆ."

ಹೊಂಬಾಳಮ್ಮ ಗಂಡನ ಮುಖ ನೋಡಿದಳು. ಮೀಸೆಯಿಲ್ಲದ ಮುಖದಲ್ಲಿ ಏನೂ ಮುಚ್ಚಿಡುವಂತಿರಲಿಲ್ಲ. ತುಟಿ ಒಂದು ಸಲ ಅದುರಿತು, ಕಣ್ಣು ತುಂಬಿತು, ಆಮೇಲೆ ಮುಖವೆಲ್ಲ ಅರಳಿತು. ಮರಿಸಿದ್ದಯ್ಯ ಸೂರಿನಿಂದ ಒಂದು ಹುಲ್ಲುಕಡ್ಡಿ ಕಿತ್ತು ಗುರುತಿಗೆ ಆ ಹಾಳೆಯಲ್ಲಿಟ್ಟು, ಪುಸ್ತಕವನ್ನು ಒಗೆದ ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಉಣ್ಣುವ ಹೊತ್ತಾಯಿತು ಎಂದು ಹೆಂಡತಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಒಂದೂವರೆ ಮೈಲಿ ಕಾಲುವೆಯ ದಂಡೆಯ ಮೇಲೇ ನಡೆದ. ದಾರಿಯಲ್ಲಿ ನಾಲ್ಕಾರು ಮಂದಿ ಎದುರಾಗಿ, ಮಗನ ಪುಸ್ತಕವೇ ಎಂದು ಕೇಳಿದರು. ಹೌದು ಎಂದನೇ ಹೊರತು ನಿಂತು ಬಿಚ್ಚಿ ತೋರಿಸಲಿಲ್ಲ. ಚಿಕ್ಕಬೋರಯ್ಯ ಬಯಲಿನ ಕೊನೆಯಲ್ಲಿ, ಆ ವರ್ಷ ಹೊಸದಾಗಿ ನೆಟ್ಟ ಕಬ್ಬಿಗೆ ನೀರು ತಿರುಗಿಸುತ್ತಿದ್ದ. ಮರಿಸಿದ್ದಯ್ಯ ಬದುವಿನ ಮೇಲೆ ಟವೆಲು ಹಾಸಿ, ಹುಲ್ಲುಕಡ್ಡಿಯಿದ್ದ ಹಾಳೆ ತೆರೆದ.

"ಕೈ ತೊಳ್ಕಂಡ್ ಬಾರ್ಲಾ ಬೋರ. ಇಲ್ನೋಡು, ಇದು ನಿನ್ನ ಎಸರು. ಇದು ನಂದು, ಕೆಳಗಿರೋದು."